ಮೂರು ಮೂಲೆಯ ಅನ್ನ

ನಾವು ಕರೆಯುವ ಮುಂಚೆಯೇ ಕಾಗೆ ಬಂದುಬಿಟ್ಟಿತು. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಅಪ್ಪನ ವರ್ಷದ ತಿಥಿ. ಗಂಡುಮಕ್ಕಳಿಲ್ಲದ ಮನೆಯಾದ್ದರಿಂದ ಕರ್ಮ ಮಾಡಿದವರು ಸುಂದರೇಶ ಚಿಕ್ಕಪ್ಪ. ಮೈಸೂರಿನ ದಟ್ಟಗಳ್ಳಿಯ ನಮ್ಮ ಮನೆಯ ತಾರಸಿಯಲ್ಲಿ, ಮೋಟುಗೋಡೆಯ ಮೇಲೆ ಬಾಳೆಲೆಯ ಚೂರು ಹಾಸಿ, ಕರಿ ಎಳ್ಳು ಕಲಸಿದ ಅನ್ನದ ಉಂಡೆ ಇಟ್ಟು, ಅವರಿನ್ನೂ ಹಿಂದೆ ಸರಿದಿರಲಿಲ್ಲ. ಎಲ್ಲಿತ್ತೋ ಏನೋ, ಒಂದು ಕಾಗೆ ಬಂದು ಪಿಂಡಕ್ಕೆ ಕೊಕ್ಕು ಹಾಕಿತು. ಅದರ ಹಿಂದೆಯೇ ಇನ್ನೆರಡು.

"ನೋಡಿದ್ರಾ," ಎಂದು ಸೋದರತ್ತೆ ಕೈ ಮುಗಿದರು. "ಅಣ್ಣಂಗೆ ಯಾವ ಆಸೆನೂ ಉಳ್ದಿಲ್ಲ. ತೃಪ್ತಿಯಾಗಿ ಹೋಗಿದಾನೆ, ಪುಣ್ಯಾತ್ಮ."

ಸತ್ತವರಿಗೆ ಆಸೆ ಉಳಿದಿದ್ದರೆ ಕಾಗೆ ಪಿಂಡ ಮುಟ್ಟುವುದಿಲ್ಲವಂತೆ. ಆಗ ಮನೆಯವರು ಯಾರಾದರೂ ಮುಂದೆ ಬಂದು, ಇಂಥದ್ದನ್ನು ನಡೆಸಿಕೊಡುತ್ತೇವೆ ಎಂದು ಮಾತು ಕೊಡಬೇಕಂತೆ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಅವತ್ತು ಹೇಳಬೇಕಾದ ಮಾತನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡು ನಿಂತಿದ್ದೆ. ಅಪ್ಪನಿಗೆ ಒಂದು ಆಸೆ ಉಳಿದಿತ್ತು. ನನ್ನ ಕೈಯಿಂದ ಒನಿಗಿರಿ ಮಾಡಿಸಿಕೊಂಡು ತಿನ್ನುವ ಆಸೆ. ಆ ಹಾಳು ಕಾಗೆ ನನಗೆ ಬಾಯಿ ತೆರೆಯುವುದಕ್ಕೂ ಬಿಡಲಿಲ್ಲ.

ಒನಿಗಿರಿ ಎಂದರೆ ದೊಡ್ಡ ಪಾಕವೇನಲ್ಲ. ಬಿಸಿ ಅನ್ನಕ್ಕೆ ಉಪ್ಪು ಸವರಿ, ನಡುವೆ ಹುಳಿಯದ್ದೇನಾದರೂ ಇಟ್ಟು, ಮೂರು ಮೂಲೆ ಬರುವಂತೆ ಅಂಗೈಯಲ್ಲಿ ಒತ್ತಿದ ಅನ್ನದ ಮುದ್ದೆ. ಜಪಾನಿನಲ್ಲಿ ಅದು ಸ್ಕೂಲು ಮಕ್ಕಳ ಚೀಲದಲ್ಲೂ ಇರುತ್ತದೆ, ರೈಲ್ವೆ ಸ್ಟೇಷನ್ನಿನಲ್ಲೂ ಸಿಗುತ್ತದೆ. ಒಂದು ವರ್ಷದ ವಿನಿಮಯಕ್ಕೆಂದು ನಮ್ಮ ಕಾಲೇಜಿನಿಂದ ನನ್ನನ್ನು ಮತ್ಸುಯಾಮಾ ಎಂಬ ಊರಿಗೆ ಕಳಿಸಿದ್ದರು. ಅಲ್ಲಿ ನನ್ನನ್ನು ಸಾಕಿದ್ದೇ ಆ ಮುದ್ದೆ.

ಊರು ಚೆನ್ನಾಗಿತ್ತು. ಟ್ರಾಮು, ಕಿತ್ತಳೆ ತೋಟ, ಬೆಟ್ಟದ ಮೇಲೊಂದು ಕೋಟೆ. ಊಟದ್ದೇ ಗೋಳು. ಸಾರಿನಲ್ಲಿ ಮೀನು, ಪಲ್ಯದಲ್ಲಿ ಮೀನು, ತರಕಾರಿಯೊಂದೇ ಎಂದು ಕೊಟ್ಟ ಬಟ್ಟಲಿನ ಮೇಲೂ ಮೀನಿನ ಪುಡಿ. ಮೊದಲ ತಿಂಗಳು ಬ್ರೆಡ್ಡು, ಬಾಳೆಹಣ್ಣು ಮತ್ತು ಅಳು. ಆಮೇಲೆ ಕ್ಯಾಂಟೀನಿನ ಓನೋ ಸಾನ್ ಎಂಬ ಹೆಂಗಸು ನನ್ನ ಪಾಡು ನೋಡಲಾರದೆ ದಿನಾ ಎರಡು ಒನಿಗಿರಿ ಬೇರೆಯಾಗಿ ಮಾಡಿಡತೊಡಗಿದರು. ಒಳಗೆ ಉಪ್ಪಿನಲ್ಲಿ ಹಾಕಿದ ಹುಳಿಹಣ್ಣು, ನಮ್ಮ ನಿಂಬೆಕಾಯಿ ಉಪ್ಪಿನಕಾಯಿಯ ಸೋದರಸಂಬಂಧಿ ಅನ್ನಬಹುದು. ಮೇಲೆ ಧಾರಾಳವಾಗಿ ಉದುರಿಸಿದ ಕರಿ ಎಳ್ಳು.

ಆ ಕ್ಯಾಂಟೀನಿನಲ್ಲಿ ಒಬ್ಬರೇ ಉಣ್ಣುವವರಿಗೆಂದೇ ಒಂದು ಉದ್ದನೆಯ ಮೇಜಿತ್ತು. ಗೋಡೆಗೆ ಮುಖ, ಎರಡೂ ಪಕ್ಕಕ್ಕೆ ಅಡ್ಡ ಹಲಗೆ. ಯಾರ ತಟ್ಟೆಯಲ್ಲಿ ಏನಿದೆ ಎಂದು ಯಾರೂ ನೋಡುವಂತಿಲ್ಲ, ಯಾರೂ ಕೇಳುವುದೂ ಇಲ್ಲ. ಮೈಸೂರಿನಲ್ಲಿ ಬೀದಿಯಲ್ಲಿ ಸಿಕ್ಕ ಅಪರಿಚಿತರೂ "ಊಟ ಆಯ್ತಾ?" ಎನ್ನುತ್ತಾರೆ. ಆ ಪ್ರಶ್ನೆ ನನಗೆ ಯಾವತ್ತೂ ಕಿರಿಕಿರಿ. ಅಲ್ಲಿಗೆ ಹೋದ ಮೇಲೆ ಯಾರಾದರೂ ಕೇಳಿದರೆ ಸಾಕಪ್ಪಾ ಅನ್ನಿಸತೊಡಗಿತು.

ಕೇಳುತ್ತಿದ್ದವರು ಅಪ್ಪ ಒಬ್ಬರೇ. ಅಲ್ಲಿ ನನಗೆ ಮಧ್ಯಾಹ್ನದ ಊಟದ ಹೊತ್ತೆಂದರೆ ಇಲ್ಲಿ ಅಪ್ಪ ವಿಮಾ ಕಚೇರಿಗೆ ಹೊರಡುವ ಮುಂಚಿನ ಊಟದ ಹೊತ್ತು. ಅವರು ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸುತ್ತಿದ್ದರು, ನಾನು ಅಡ್ಡ ಹಲಗೆಗೆ. "ಏನಮ್ಮಾ ಗಾರ್ಗಿ, ಇವತ್ತೇನು ಬಡಿಸಿದಾರೆ?" ಎಂದು ಶುರು. ಕಡಲಪಾಚಿಯ ಕಪ್ಪು ಹಾಳೆ ಸುತ್ತಿದ್ದನ್ನು ನೋಡಿ, "ಅದ್ಯಾಕೇ, ಕಾರ್ಬನ್ ಪೇಪರ್ ತಿಂತಿದೀಯ?" ಎಂದಿದ್ದರು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ.

ಎಳ್ಳಿನ ಒನಿಗಿರಿಯನ್ನು ಮೊದಲ ಸಲ ಫೋನಿಗೆ ಹಿಡಿದಾಗ ಸಾರಿನ ಪಾತ್ರೆ ಹಿಡಿದು ಹಿಂದೆ ಬಂದ ಅಮ್ಮ ಅಲ್ಲೇ ನಿಂತುಬಿಟ್ಟಳು.

"ರೀ, ಅದೇನ್ರೀ ಅದು! ಅನ್ನದ ಉಂಡೆಗೆ ಕರಿ ಎಳ್ಳು! ಗಾರ್ಗಿ, ಬಿಸಾಕೇ ಅದನ್ನ. ಬದುಕಿರೋರು ತಿನ್ನೋದಾ ಅದು?"

ಅಪ್ಪ ಬಾಯಲ್ಲಿದ್ದ ಅನ್ನ ನೆತ್ತಿಗೇರುವಷ್ಟು ನಕ್ಕರು. "ಸುಮ್ನಿರೇ ಚಂದ್ರಮತಿ. ಮೂರು ಮೂಲೆ ಇದೆ ನೋಡು. ಪಿತೃಗಳಿಗೆ ಗುರುತು ಹತ್ತಲ್ಲ ಬಿಡು." ನನ್ನ ಕಡೆ ತಿರುಗಿ, "ನೀನು ಬಂದ್ಮೇಲೆ ನಿನ್ನ ಕೈಯಲ್ಲೇ ಮಾಡಿಸ್ಕೊಂಡು ತಿಂತೀನಿ ಕಣೇ. ಅಲ್ಲೀವರ್ಗೂ ನಾನು ಮುಟ್ಟಲ್ಲ. ಎಳ್ಳು ಮಾತ್ರ ಕಮ್ಮಿ ಮಾಡ್ಬೇಡ," ಎಂದರು.

ನಾನು ಅದನ್ನು ಗಟ್ಟಿ ಹಿಡಿದುಕೊಂಡೆ. ಒಂದಂಗಡಿಯಲ್ಲಿ ತ್ರಿಕೋನದ ಪ್ಲಾಸ್ಟಿಕ್ ಅಚ್ಚು ಕೊಂಡು ಸೂಟ್‌ಕೇಸಿನ ಮೂಲೆಗೆ ಸೇರಿಸಿದೆ. ವಾಪಸು ಬರುವುದಕ್ಕೆ ಇನ್ನೊಂದೇ ತಿಂಗಳಿರುವಾಗ ಅಪ್ಪ ಆಫೀಸಿನಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ. ಆಸ್ಪತ್ರೆ ಮುಟ್ಟಲಿಲ್ಲ. ನಾನು ಎರಡು ವಿಮಾನ ಬದಲಿಸಿ ಮನೆಗೆ ಬರುವಷ್ಟರಲ್ಲಿ ಎಲ್ಲ ಮುಗಿದು, ಅಪ್ಪ ಕೂರುತ್ತಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು. ಗಾದೆ ಸುಳ್ಳಾಗಿತ್ತು.

ಅಲ್ಲಿಂದ ಒಂದು ವರ್ಷ ಅಮ್ಮ ನನ್ನೆದುರು ಕೂತು ಉಣ್ಣಲಿಲ್ಲ. ಬಡಿಸುತ್ತಾಳೆ, "ಸಾಕಾ?" ಎನ್ನುತ್ತಾಳೆ, ಒಳಗೆ ಹೋಗುತ್ತಾಳೆ. ನನ್ನದಾದ ಮೇಲೆ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಒಬ್ಬಳೇ ತಿನ್ನುತ್ತಾಳೆ. "ಜೊತೇಲಿ ಕೂತ್ಕೋಮ್ಮಾ" ಎಂದರೆ, "ನೀನು ತಿನ್ನು, ನಂದು ಆಮೇಲೆ" ಎಂಬ ಒಂದೇ ಉತ್ತರ. ದುಃಖ ಇರಬಹುದು ಎಂದುಕೊಂಡೆ. ನನಗೇನು ದುಃಖವಿಲ್ಲವೇ ಎಂದು ಸಿಟ್ಟೂ ಮಾಡಿಕೊಂಡೆ. ಜಪಾನಿನಲ್ಲಿ ಬಿಟ್ಟು ಬಂದೆ ಎಂದುಕೊಂಡಿದ್ದ ಆ ಉದ್ದನೆಯ ಮೇಜು ನಮ್ಮ ಮನೆಯೊಳಗೇ ಇತ್ತು. ಮತ್ಸುಯಾಮಾದಲ್ಲಿ ಒಂಟಿ ಅನ್ನಿಸಿದಾಗ ಮನೆಗೆ ಹೋದರೆ ಸರಿಹೋಗುತ್ತದೆ ಎಂದಾದರೂ ಇತ್ತು. ಮನೆಯಲ್ಲೇ ಒಂಟಿಯಾದರೆ ಎಲ್ಲಿಗೆ ಹೋಗುವುದು?

ಆ ಅಚ್ಚು ಮಾತ್ರ ಸೂಟ್‌ಕೇಸಿನಿಂದ ಹೊರಗೆ ಬಂದಿರಲಿಲ್ಲ. ತಿಥಿಯ ದಿನ ಕಾಗೆ ಸತಾಯಿಸುತ್ತದೆ, ನಾನು ಮಾತು ಕೊಡುತ್ತೇನೆ, ಎಲ್ಲರ ಎದುರಿಗೆ ಅಡುಗೆಮನೆಗೆ ಹೋಗಿ ಮಾಡಿ ತಂದಿಡುತ್ತೇನೆ ಎಂದೆಲ್ಲ ಅಂದುಕೊಂಡಿದ್ದೆ. ಕಾಗೆ ಗಬಗಬನೆ ತಿಂದು ಹೋಯಿತು. ನನಗೋಸ್ಕರ ಒಂದು ಗಳಿಗೆ ಕಾಯಲೂ ಅಪ್ಪನಿಗೆ ಮನಸ್ಸಿರಲಿಲ್ಲವೇ?

ತಿಥಿಯ ರಾತ್ರಿ ಅನ್ನ ಉಣ್ಣುವಂತಿಲ್ಲ. ಉಪ್ಪಿಟ್ಟು ತಿಂದು ಎಲ್ಲರೂ ಹೊರಟರು. ಮಾರನೆಯ ಬೆಳಿಗ್ಗೆ ಮನೆಯಲ್ಲಿ ನಾವಿಬ್ಬರೇ. ಅಮ್ಮ ಹೂವು ಕೊಯ್ಯಲು ಹೋದ ಹೊತ್ತಿನಲ್ಲಿ ನಾನು ಹಟ ಹಿಡಿದವಳ ಹಾಗೆ ಒಲೆಯ ಮುಂದೆ ನಿಂತೆ. ನಮ್ಮ ಸಣ್ಣಕ್ಕಿ ಅನ್ನ ಅಂಟುವುದಿಲ್ಲ. ನೀರು ಹೆಚ್ಚಿಗೆ ಇಟ್ಟು, ಮಕ್ಕಳಿಗೆ ಕಲಸುವ ಹಾಗೆ ಮೆತ್ತಗೆ ಬೇಯಿಸಿ, ಅಚ್ಚಿಗೆ ತುಂಬಿ ಒತ್ತಿದೆ. ಮೂರು ಮಾಡಿದೆ. ಮನೆಯಲ್ಲಿ ಏನು ಮಾಡಿದರೂ ಮೂರರ ಲೆಕ್ಕ, ಕೈಗೆ ಅದೇ ಅಭ್ಯಾಸ. ಎಳ್ಳಿನ ಡಬ್ಬಿಯ ಕಡೆ ಮಾತ್ರ ಕೈ ಹೋಗಲಿಲ್ಲ.

ಅಮ್ಮ ಹೂಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಳು. ತಟ್ಟೆ ನೋಡಿದಳು. ಕಿರುಚುತ್ತಾಳೆ ಎಂದು ನಾನೇ ಮೊದಲು ಬಾಯಿ ಮಾಡಿದೆ.

"ಎಳ್ಳು ಹಾಕಿಲ್ಲ, ಹೆದರ್ಬೇಡ. ಅಪ್ಪಂಗೆ ಮಾಡ್ಕೊಡ್ತೀನಿ ಅಂದಿದ್ದೆ. ಅವರಿಗಂತೂ ನೆನಪಿರ್ಲಿಲ್ಲ. ನಂಗಿತ್ತು, ಮಾಡ್ದೆ."

"ನೆನಪಿರ್ಲಿಲ್ಲ ಅಂತ ಯಾರೇ ಅಂದಿದ್ದು?" ಅಮ್ಮ ಬುಟ್ಟಿಯನ್ನು ನೆಲದ ಮೇಲಿಟ್ಟು ಅಲ್ಲೇ ಕುಸಿದು ಕೂತಳು. "ನಿಮ್ಮಪ್ಪ ಇದನ್ನ ತಿಂದಾಗಿತ್ತು ಕಣೇ."

ನನಗೆ ಅರ್ಥವೇ ಆಗಲಿಲ್ಲ.

"ಒಂದು ಭಾನುವಾರ ನಾನು ದೇವಸ್ಥಾನದಿಂದ ಬರೋ ಹೊತ್ತಿಗೆ ಅಡುಗೆಮನೇಲಿ ನಿಂತಿದ್ರು. ಎರಡು ಕೈಗೂ ಅನ್ನ ಮೆತ್ಕೊಂಡಿತ್ತು. ಒಳಗೆ ನಿಂಬೆಕಾಯಿ ಉಪ್ಪಿನಕಾಯಿ ಇಟ್ಟು, ಮೂರು ಮೂಲೆ ಮಾಡೋಕೆ ಹೋಗಿ ಅದು ಉದುರಿ ಉದುರಿ ಬೀಳ್ತಿತ್ತು. ಮೇಲೆ ಡಬ್ಬಿಲಿದ್ದ ಎಳ್ಳೆಲ್ಲ ಸುರಿದಿದ್ರು. ನಾನು ಬಾಯಿಗೆ ಬಂದ ಹಾಗೆ ಬೈದೆ. ಇದೇನು ಮನೇನೋ ಸ್ಮಶಾನಾನೋ ಅಂದೆ. ಅವರು ತಟ್ಟೆ ತಗೊಂಡು ತಾರಸಿಗೆ ಹೋದ್ರು. ಅಲ್ಲಿ ಒಬ್ರೇ ನಿಂತ್ಕೊಂಡು ತಿಂದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಹೇಳ್ಬೇಡ ಅಂದ್ರು. ಮೊದಲ್ನೇ ತುತ್ತು ಅವಳ ಕೈಯಿಂದಾನೇ ಅಂತ ಅಂದ್ಕೊಂಡಿದಾಳೆ, ಬೇಜಾರು ಮಾಡ್ಕೋತಾಳೆ ಅಂದ್ರು. ಕೆಳಗೆ ಬಂದು ತಟ್ಟೆ ತೊಳೀತಾ ಇನ್ನೊಂದು ಮಾತಂದ್ರು. 'ರುಚಿಯಾಗೇನೋ ಇದೆ ಕಣೇ, ಆದ್ರೆ ಇದು ಒಬ್ರೇ ತಿನ್ನೋ ಪದಾರ್ಥ ಅಲ್ಲ. ಪಾಪ, ಆ ಮಗು ದಿನಾ ಒಂಟಿಯಾಗಿ ಕೂತು ತಿನ್ನುತ್ತೆ.'" ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಆಮೇಲೆ ಹದಿನೈದು ದಿನಾನೂ ಬದುಕಿರ್ಲಿಲ್ಲ ಕಣೇ ಅವರು. ನಾನು ಅಂದಿದ್ದು ಹಂಗೇ ಆಗೋಯ್ತು. ನಿನ್ನ ಜೊತೆ ತಟ್ಟೆ ಮುಂದೆ ಕೂತ್ರೆ ಎಲ್ಲಿ ಇದು ಬಾಯಿಂದ ಬಂದ್ಬಿಡುತ್ತೋ ಅಂತ..."

ಒಂದು ವರ್ಷ ಅಮ್ಮ ಬಿಸಿ ತುಪ್ಪವನ್ನು ಬಾಯಲ್ಲಿಟ್ಟುಕೊಂಡಿದ್ದಳು, ನುಂಗಲೂ ಆಗದೆ ಉಗುಳಲೂ ಆಗದೆ. ಎಳ್ಳಿಗೂ ಎದೆಯ ರಕ್ತನಾಳಕ್ಕೂ ಏನು ಸಂಬಂಧ ಎಂದು ವಾದಿಸುವುದು ನನಗೆ ಕಷ್ಟವಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ನನಗೆ ಹೊಟ್ಟೆಕಿಚ್ಚಾಗಿತ್ತು. ನನ್ನ ಬಿಟ್ಟು ತಿಂದರಲ್ಲ ಎಂದು. ಆಮೇಲೆ ತಾರಸಿಯ ಮೋಟುಗೋಡೆಯ ಪಕ್ಕ ತಟ್ಟೆ ಹಿಡಿದು ನಿಂತ ಅಪ್ಪ ಕಣ್ಣಿಗೆ ಬಂದರು. ನಾನಿಲ್ಲದ್ದು ಅವರನ್ನು ಎಷ್ಟು ಕಾಡಿತ್ತೆಂದರೆ, ನಾನು ತಿನ್ನುವುದನ್ನು ತಾವೂ ತಿಂದು ನೋಡಿದ್ದರು. ಅಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತು ಜೋರಾಗಿ ಅತ್ತೆ. ವರ್ಷದಿಂದ ಹಾಗೆ ಅತ್ತಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅಮ್ಮ ಎದ್ದಳು. ಉಪ್ಪಿನಕಾಯಿ ಜಾಡಿ ಇಳಿಸಿ, ಒಂದೊಂದು ಒನಿಗಿರಿಯ ನಡುವೆಯೂ ಬೆರಳಿನಿಂದ ಗುಳಿ ಮಾಡಿ ನಿಂಬೆಕಾಯಿ ಹೋಳು ಇಟ್ಟು ಮುಚ್ಚಿದಳು. ಆಮೇಲೆ ಎಳ್ಳಿನ ಡಬ್ಬಿ ತೆಗೆದಳು. ಮೂರರ ಮೇಲೂ ಧಾರಾಳವಾಗಿ ಉದುರಿಸಿ, ತಟ್ಟೆ ಎತ್ತಿಕೊಂಡು, "ನಡಿ, ಮೇಲೆ ಹೋಗೋಣ," ಎಂದಳು.

ತಾರಸಿಯಲ್ಲಿ ಎಳೆ ಬಿಸಿಲಿತ್ತು. ನಿನ್ನೆಯ ಬಾಳೆಲೆ ಚೂರು ಒಣಗಿ ಸುರುಟಿಕೊಂಡಿತ್ತು. ಮೋಟುಗೋಡೆಯ ಪಕ್ಕ ಎದುರುಬದುರು ಕೂತು ಒಂದೊಂದು ಕೈಗೆತ್ತಿಕೊಂಡೆವು. ಅಮ್ಮ ಕಣ್ಣು ಮುಚ್ಚಿ ಒಂದು ತುತ್ತು ಕಚ್ಚಿದಳು, ನುಂಗಿದಳು. "ಉಪ್ಪು ಸಾಲ್ದು," ಎಂದಳು. ನನಗೆ ಅಷ್ಟು ಸಾಕಾಗಿತ್ತು.

ಅಷ್ಟರಲ್ಲಿ ಒಂದು ಕಾಗೆ ಬಂದು ಗೋಡೆಯ ಮೇಲೆ ಕೂತು ಕೊರಳು ಓರೆ ಮಾಡಿ ತಟ್ಟೆ ನೋಡಿತು. ನಾನು ಓಡಿಸಲು ಕೈ ಎತ್ತಿದೆ. ಅಮ್ಮ ನನ್ನ ಕೈ ಹಿಡಿದು ಇಳಿಸಿ, ಉಳಿದಿದ್ದ ಮೂರನೆಯದನ್ನು ಗೋಡೆಯ ಮೇಲಿಟ್ಟಳು.

"ಅವತ್ತು ಒಬ್ರೇ ತಿಂದ್ರಿ," ಎಂದಳು. "ಇವತ್ತು ನಮ್ಜೊತೆ ತಿನ್ರೀ."