ಮೇಲಿನದೊಂದು ಬಿಟ್ಟು

"ಕಸಕ್ಕೆ ಹಾಕೇ ದರಿದ್ರದವಳೆ! ಕಿವಿ ಕೇಳಿಸಲ್ವಾ ನಿಂಗೆ?"

ಕೃಷ್ಣಸ್ವಾಮಿ ಬೈದದ್ದು ನನ್ನನ್ನು, ಒದ್ದದ್ದು ಅಲೆಸ್ಯಾಳ ಪತ್ರಿಕೆಯ ಕಟ್ಟನ್ನು. ಬೆಳಿಗ್ಗೆ ತಾನೆ ಮಷೀನಿನಿಂದ ಇಳಿದ ಹಾಳೆಗಳವು, ಮಸಿ ಕೂಡ ಪೂರ್ತಿ ಆರಿರಲಿಲ್ಲ. ಅಚ್ಚಾದ ಮುಖಗಳೆಲ್ಲ ಸಿಮೆಂಟ್ ನೆಲದ ತುಂಬ ಚೆಲ್ಲಿಕೊಂಡವು. ಅಲೆಸ್ಯಾ ಮೊಣಕಾಲೂರಿ ಆಯತೊಡಗಿದಳು.

"ನೀವೇ ಒಪ್ಪಿದ್ದಿರಿ ಸರ್," ಎಂದಳು ಇಂಗ್ಲಿಷಿನಲ್ಲಿ.

"ಆಗ ಒಪ್ಪಿದ್ದೆ, ಈಗ ಇಲ್ಲ. ಈ ದೇಶದಲ್ಲಿ ಆಶ್ರಯ ಬೇಕು ಅಂತ ನೀನು ಹಾಕಿರೋ ಅಸೈಲಂ ಕೇಸ್ ಇನ್ನೂ ನಡೀತಿದೆ ಅನ್ನೋದು ನೆನಪಿರಲಿ. ನಾನೊಂದು ಫೋನ್ ಮಾಡಿದ್ರೆ ಇಮಿಗ್ರೇಷನ್‌ನವರು ಬಂದು ಎಳ್ಕೊಂಡು ಹೋಗ್ತಾರೆ." ಆಮೇಲೆ ನನ್ನ ಕಡೆ ತಿರುಗಿದ. "ನಿಂಗೂ ಅಷ್ಟೇ ಬಸಲಿಂಗಮ್ಮ."

ಮ್ಯಾನ್‌ಹಟನ್ನಿಗೆ ಹತ್ತಿರದ ಪಿಸ್ಕಾಟವೇ ಎಂಬ ಊರಿನ ಗೋಡೌನುಗಳ ಸಾಲಿನಲ್ಲಿ ಇವನ ಪ್ರಿಂಟಿಂಗ್ ಪ್ರೆಸ್ಸು. ಹೊರಗೆ ಇವನು ದೊಡ್ಡ ಮನುಷ್ಯ. ಶಾಲು ಹೊದ್ದು ವೇದಿಕೆ ಹತ್ತಿದರೆ ಕನ್ನಡ ತಾಯಿಯ ಹೆಸರಿನಲ್ಲಿ ಕಣ್ಣೀರು ಹಾಕುತ್ತಾನೆ. ಒಳಗೆ ನಾವು ನೀರು ಕುಡಿಯುವುದಕ್ಕೂ ಅಪ್ಪಣೆ ಕೇಳಬೇಕು. ಹಾಸಿಗೆ ಹಿಡಿದ ತಾಯಿಯ ಸೇವೆಗೆಂದು ನನ್ನನ್ನು ಗದಗಿನಿಂದ ಕರೆತಂದ. ಮುದುಕಿ ಸತ್ತಿತು, ನನ್ನ ವೀಸಾ ಮುಗಿಯಿತು. ಈಗ ಪಾಸ್‌ಪೋರ್ಟ್ ಅವನ ಕಪಾಟಿನಲ್ಲಿದೆ, ನಾನು ಅವನ ಬೈಂಡಿಂಗ್ ಮೇಜಿಗೆ ಬಿದ್ದಿದ್ದೇನೆ. ಹಾಳು ಬಾಳು!

ನನ್ನ ಪಕ್ಕದ ಮೇಜಿನ ಅಲೆಸ್ಯಾ ಬೆಲಾರೂಸಿನವಳು, ಅಲ್ಲಿ ಪತ್ರಿಕೆಗೆ ವರದಿ ಬರೆಯುತ್ತಿದ್ದವಳು. ಕಮ್ಯೂನಿಸ್ಟರ ರಾಜ್ಯ ಬಿದ್ದಾಗ ಅಲ್ಲಿ ಹೊಸ ಹೊಸ ಪೇಪರು ಹುಟ್ಟಿದವಂತೆ, ಜನ ಬಾಯಿ ಬಿಚ್ಚಿ ಮಾತಾಡಿದರಂತೆ. ಆಮೇಲೆ ಕುರ್ಚಿ ಹಿಡಿದವರು ಒಂದೊಂದರದೇ ಕತ್ತು ಹಿಸುಕಿದರು. ಚುನಾವಣೆಯಲ್ಲಿ ಮೋಸ ನಡೆಯಿತೆಂದು ಬರೆದ ಇವಳ ಗಂಡ ಯಾಂಕನನ್ನು ಜೈಲಿಗೆ ಹಾಕಿದರು. ಈಗ ಅವನಿಂದ ಪತ್ರವಿಲ್ಲ, ಫೋನಿಲ್ಲ. ಇದ್ದಾನೋ ಸತ್ತನೋ, ಕೇಳಿದರೆ ಹೇಳುವವರಿಲ್ಲ.

ಅದಕ್ಕೇ ಈ ಒಂದೇ ಹಾಳೆಯ ಪತ್ರಿಕೆ. ಒಂದು ಬದಿ ಅವಳ ಭಾಷೆ, ಇನ್ನೊಂದು ಬದಿ ಇಂಗ್ಲಿಷ್, ಎರಡರಲ್ಲೂ ಜೈಲಿನಲ್ಲಿರುವ ಪತ್ರಕರ್ತರ ಮುಖ. ಅಚ್ಚು ಹಾಕಿಕೊಡುವುದಕ್ಕೆ ಬದಲಾಗಿ ಕೃಷ್ಣಸ್ವಾಮಿ ಅವಳಿಂದ ಸಂಬಳವಿಲ್ಲದ ಓವರ್‌ಟೈಮ್ ದುಡಿಸಿಕೊಂಡಿದ್ದ.

"ಹೊರಗಿನವರು ಮುಖ ನೋಡುತ್ತಿದ್ದರೆ ಒಳಗೆ ಕೊಲ್ಲಲು ಹೆದರುತ್ತಾರೆ, ಅಕ್ಕಾ," ಅನ್ನುತ್ತಿದ್ದಳು ಅಲೆಸ್ಯಾ. ನಮ್ಮದು ಹರಕು ಇಂಗ್ಲಿಷ್; ಅಕ್ಕಾ ಅನ್ನುವುದನ್ನು ಮಾತ್ರ ಮಷೀನು ಓಡಿಸುವ ಮಹೇಶನಿಂದ ಕಲಿತಿದ್ದಳು.

ಈಗ ಗೆನಾಡಿ ಎಂಬ ಟ್ರಾವೆಲ್ ಏಜೆಂಟ್ ಗಂಟುಬಿದ್ದಿದ್ದ. ಮರುದಿನ ಮ್ಯಾನ್‌ಹಟನ್ನಿನ ಹೋಟೆಲೊಂದರಲ್ಲಿ ಅವನ ಪ್ರವಾಸಿ ಮೇಳ. ಬೆಲಾರೂಸಿಗೆ ಬನ್ನಿ ಎಂದು ಕರೆಯುವ ಬ್ರೋಷರು ನಮ್ಮಲ್ಲೇ ಅಚ್ಚಾಗಿತ್ತು. ಅದನ್ನು ನೋಡಲು ಬಂದವನ ಕಣ್ಣಿಗೆ ಅಲೆಸ್ಯಾಳ ಹಾಳೆ ಬಿತ್ತು. ಇದು ಹೊರಗೆ ಹೋದರೆ ನನ್ನ ಆರ್ಡರ್ ಮರೆತುಬಿಡಿ ಎಂದ. ಕೃಷ್ಣಸ್ವಾಮಿ ಬೂಟುಗಾಲು ಎತ್ತಿದ್ದು ಅದಕ್ಕೇ.

"ಇದನ್ನ ಡಂಪ್‌ಸ್ಟರ್‌ಗೆ ಹಾಕ್ಬಾ. ಆಮೇಲೆ ಬ್ರೋಷರ್ ಒಳಗೆ ರೇಟ್ ಶೀಟ್ ಹಾಕಿ ಸಂಜೆ ಒಳಗೆ ಪ್ಯಾಕ್ ಮಾಡು," ಎಂದು ನನಗೆ ಹೇಳಿದ. ಅಲೆಸ್ಯಾಳನ್ನು ಕಕ್ಕಸು ತೊಳೆಯಲು ಕಳಿಸಿದ.

ಹಾಳೆಗಳನ್ನು ತಳ್ಳುಗಾಡಿಗೆ ಹಾಕಿಕೊಂಡು ಹಿಂಬಾಗಿಲಿಗೆ ಹೋದೆ. ಡಂಪ್‌ಸ್ಟರ್ ಅನ್ನುವ ದೊಡ್ಡ ಕಸದ ತೊಟ್ಟಿಯ ಮುಚ್ಚಳ ಎತ್ತಿದೆ. ಮೇಲಿನ ಹಾಳೆಯಲ್ಲಿ ಯಾಂಕ ಇದ್ದ. ಅಲೆಸ್ಯಾ ಅವನ ಫೋಟೋ ತೋರಿಸಿದ್ದರಿಂದ ನನಗೆ ಗುರುತು. ಮುಚ್ಚಳ ಬಿಟ್ಟೆ, ಗಾಡಿಯ ಮೇಲೆ ಗೋಣಿ ಹೊದಿಸಿದೆ, ತಿರುಗಿ ತಂದು ನನ್ನ ಮೇಜಿನಡಿ ತಳ್ಳಿದೆ. ಮಹೇಶ ನೋಡಿಬಿಟ್ಟ.

"ಅಕ್ಕಾ, ಬೇಡ. ನನ್ ಗ್ರೀನ್ ಕಾರ್ಡ್ ಅವ್ನ ಕೈಲಿದೆ. ಪ್ಲೀಸ್."

"ನೀ ಏನೂ ನೋಡಿಲ್ಲ. ಮಷೀನ್ ಕಡೆ ಮಾರಿ ಮಾಡಿ ನಿಲ್ಲು, ಹೇಡಿ ಭಾಡ್ಯಾ."

"ಸಿಕ್ಕಿಬಿದ್ರೆ?"

"ಬೀಳೂಣಂತ. ಈಗೇನ್ ಬಿಡಿಸ್ಕೊಂಡು ಕುಂತೀವೇನು?"

ಬ್ರೋಷರಿನ ಮೇಲೆ ನೀಲಿ ಕೆರೆ, ಹಳೆಯ ಕೋಟೆ, ತಲೆಗೆ ಹೂ ಸುತ್ತಿಕೊಂಡು ನಗುವ ಹುಡುಗಿ. ಒಂದೊಂದನ್ನೇ ತೆರೆದು ರೇಟ್ ಶೀಟ್ ಇಟ್ಟೆ, ಅದರ ಬೆನ್ನಿಗೆ ಅಲೆಸ್ಯಾಳ ಹಾಳೆ ಮಡಚಿ ಇಟ್ಟೆ. ಗದಗಿನ ಪ್ರೆಸ್ಸುಗಳಲ್ಲಿ ಪಂಚಾಂಗ ಮಡಚಿದ ಕೈ ಇದು. ಪೆಟ್ಟಿಗೆಗೊಂದರಂತೆ ಎಲ್ಲಕ್ಕಿಂತ ಮೇಲಿನ ಬ್ರೋಷರಿಗೆ ಬರೀ ರೇಟ್ ಶೀಟ್ ಹಾಕಿದೆ. ಗಿರಾಕಿ ಎಷ್ಟೇ ಜಾಣನಿರಲಿ, ಮೊದಲು ತೆಗೆದು ನೋಡುವುದು ಮೇಲಿನದನ್ನೇ.

ಸಂಜೆ ಗೆನಾಡಿ ಬಂದ. ಮೇಲಿನದನ್ನು ತೆಗೆದ, ಬಿಡಿಸಿದ, ಝಾಡಿಸಿದ. ತಲೆಯಾಡಿಸಿದ. ಹಾಳಾದವನು, ಎರಡನೆಯದಕ್ಕೂ ಕೈ ಚಾಚಿದ. ಮುಗೀತು ಎಂದುಕೊಂಡೆ.

"ಎವರಿಥಿಂಗ್ ಪರ್ಫೆಕ್ಟ್ ಸರ್. ನಾನೇ ನಿಂತು ಮಾಡಿಸಿದ್ದೇನೆ," ಎಂದು ಕೃಷ್ಣಸ್ವಾಮಿ ಹಲ್ಲುಗಿಂಜುತ್ತ ಪೆಟ್ಟಿಗೆ ಮುಚ್ಚಿ ತಾನೇ ಟೇಪ್ ಎಳೆದ. ಇಡೀ ದಿನ ಈ ಕಡೆ ತಲೆ ಹಾಕದ ಮನುಷ್ಯ! ನಗು ಬಂತು, ನುಂಗಿಕೊಂಡೆ.

ಮರುದಿನ ಊಟದ ಹೊತ್ತಿಗೆ ಕೃಷ್ಣಸ್ವಾಮಿ ಕೈಯಲ್ಲಿ ಫೋನ್ ಹಿಡಿದು ಒಳಗೆ ನುಗ್ಗಿದ. ಮುಖ ಕೆಂಪಾಗಿತ್ತು.

"ಯಾರು? ಬ್ರೋಷರ್ ಒಳಗೆ ಆ ಹಾಳು ಪೇಪರ್ ಹಾಕಿದ್ದು ಯಾರು?"

ಅಲೆಸ್ಯಾ ನನ್ನ ಮುಖ ನೋಡಿದಳು. ನಾನು ಅವಳಿಗೆ ಏನೂ ಹೇಳಿರಲಿಲ್ಲ. ಒಂದು ಗಳಿಗೆಯಲ್ಲಿ ಅವಳಿಗೆ ಎಲ್ಲ ತಿಳಿಯಿತು. ಎದ್ದು ನಿಂತು, "ನಾನು," ಎಂದುಬಿಟ್ಟಳು.

"ಅಕಿ ಅಲ್ರಿ!" ನಾನು ಸ್ಟೂಲು ತಳ್ಳಿ ಎದ್ದೆ. "ಅಕಿಗೆ ಗೊತ್ತಽ ಇಲ್ಲ. ನಾ ಹಾಕೀನಿ."

"ಓದೋಕೆ ಬರದ ಮುಂಡೆ, ಅದ್ರಲ್ಲಿ ಏನಿದೆ ಅಂತಾದ್ರೂ ಗೊತ್ತೇನೆ ನಿಂಗೆ?"

"ಗೊತ್ತೈತ್ರಿ. ಈಕಿ ಗಂಡ ಅದಾನ."

ಅವನು ಕೈ ಎತ್ತಿದ. ಅಷ್ಟರಲ್ಲಿ ಮಷೀನಿನ ಸದ್ದು ನಿಂತಿತು. ಮಹೇಶ ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡು, ಮುಖ ಬಿಳಿಚಿಕೊಂಡು, ನಮ್ಮ ಕಡೆ ತಿರುಗಿ ನಿಂತಿದ್ದ. ಫೋನಿನೊಳಗೆ ಗೆನಾಡಿ ಇಂಗ್ಲಿಷಿನಲ್ಲಿ ಕಿರುಚುತ್ತಿದ್ದುದು ನಮಗೆಲ್ಲ ಕೇಳಿಸಿತು.

"ಜನ ಆ ಪೇಪರ್ ವಾಪಸ್ ಕೊಡ್ತಿಲ್ಲ! ಕೇಳಿದರೂ ಕೊಡ್ತಿಲ್ಲ! ಯಾಂಕ ಯಾರು ಅಂತ ನನ್ನನ್ನೇ ಕೇಳ್ತಿದ್ದಾರೆ!"

ಅಲೆಸ್ಯಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೃಷ್ಣಸ್ವಾಮಿ ಎತ್ತಿದ ಕೈ ಇಳಿಸಿ ಆ ಕರೆಯನ್ನು ಕತ್ತರಿಸಿ, ನನ್ನನ್ನೇ ನೋಡುತ್ತ, ಇಷ್ಟು ದಿನ ಹೆದರಿಸುತ್ತಿದ್ದ ಆ ಇಮಿಗ್ರೇಷನ್ ನಂಬರ್ ಒತ್ತತೊಡಗಿದ.

"ಹಚ್ರಿ ಫೋನ್," ಎಂದೆ. "ನನ್ನ ಹೆಸರು ನೆಟ್ಟಗ ಹೇಳ್ರಿ ಅವರಿಗೆ. ಬಸಲಿಂಗಮ್ಮ."