ಉಸುಕಿನಾಗಿನ ಸಣ್ಣ ಹೊಳಿ

ಭರಮಪ್ಪ ಗೌಂಡಿ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಉಣ್ಣೂದಾದ್ರೂ ಹ್ಯಾಂಗ್ರಿ? ಇಂಜಿನಿಯರ ಸಾಹೇಬ ಅಂದು ಹೋದ ಮಾತು ಎದಿಮ್ಯಾಲ ಕಲ್ಲಾಗಿ ಕುಂತಿತ್ತು.

ಪ್ಲೇಗಿನ ಬ್ಯಾನಿ ಬಂದು ಹೋಗಿ ಎರಡು ವರ್ಷಾಗಿತ್ತು. ರಾಮದುರ್ಗದ ಹತ್ರ ಮಲಪ್ರಭಾ ಹೊಳಿಗೆ ಒಡ್ಡು ಕಟ್ಟೂದಿತ್ತು. ಕಟ್ಟೂಕಿಂತ ಮೊದಲ ನೀರು ಹ್ಯಾಂಗ ಹರೀತೈತಿ ನೋಡೂಣು ಅಂತ ಸಾಹೇಬ ಭರಮಪ್ಪನ ಕಡೆಯಿಂದ ಒಂದು ಸಣ್ಣ ಹೊಳಿ ಮಾಡಿಸಿದ. ಹೊಳಿ ತಿರುವು, ಎರಡೂ ದಂಡಿ, ನಡುವ ಗೇಣೆತ್ತರದ ಒಡ್ಡು, ಎಲ್ಲಾ ಅಳತಿ ಪ್ರಕಾರ ಉಸುಕಿನಾಗ. ಮ್ಯಾಲಿಂದ ನೀರು ಬಿಟ್ಟು ಜೋಳದ ಹೊಟ್ಟು ಚೆಲ್ಲಿದ್ರ ಸೆಳವು ಎಲ್ಲಿ ಬಡೀತೈತಿ ಅನ್ನೂದು ಕಣ್ಣಿಗೇ ಕಾಣತಿತ್ತು. ಎಂಥಾ ಶಾಣ್ಯಾತನ ನೋಡ್ರಿ.

ಖರೇ ಹೊಳ್ಯಾಗ ಒಡ್ಡು ಬರೂ ಜಾಗಾದ ಕೆಳಗ, ಎಡದಂಡಿಗೆ ಹನ್ನೊಂದು ಮನಿ ಇದ್ದವು. ಅದರಾಗ ಒಂದು ಭರಮಪ್ಪನ ಮಗಳು ತಾಯವ್ವಂದು. ಸಣ್ಣ ಹೊಳಿ ದಂಡಿಮ್ಯಾಲ ಮನಿಗೊಂದರಂತ ಮಣ್ಣಿನ ಹೆಂಟಿ ಇಡೂಮುಂದ ಅವನ ಕೈ ತಡೀಲಿಲ್ಲ. ಮಗಳ ಮನಿ ಬುಡಕ್ಕ ಬರೀ ಉಸುಕು ಹ್ಯಾಂಗ ಹಾಕಲಿ ಅಂತ ಎರಿಮಣ್ಣಿಗೆ ಸಗಣಿ ಕಲಸಿ, ಬಡದು ಬಡದು ಆ ದಂಡಿ ಗಟ್ಟಿ ಮಾಡಿಬಿಟ್ಟ. ಮೋಸ ಮಾಡಬೇಕಂತಲ್ಲ, ಹಡದ ಕರುಳು ಅಷ್ಟ.

ನೀರು ಬಿಟ್ಟರು. ಹೊಟ್ಟು ಗಿರಗಿರ ಸುತ್ತಿ ಎಡದಂಡಿಗೇ ಬಡೀತು, ದಂಡಿ ಮಾತ್ರ ಅಳ್ಳಾಡಲಿಲ್ಲ. ಆ ಮನಿಗಳಿಗೇನೂ ಧಕ್ಕಿ ಇಲ್ಲ, ಸೋಮವಾರ ಬುನಾದಿ ಹಾಕೂಣು ಅಂದು ಸಾಹೇಬ ಖುಷೀಲೆ ಕುದುರಿ ಹತ್ತಿದ.

ಖರೇ ಹೊಳಿ ದಂಡಿ ಬರೀ ಉಸುಕು. ಮಗಳ ಮನಿಗೆ ಬುನಾದಿ ತೋಡಿದಾಂವ ಭರಮಪ್ಪನ, ಅವನಿಗೆ ಗೊತ್ತಿರದ ಏನು? ಹೇಳಿದ್ರ ಕೆಲಸ ಹೋಗತೈತಿ. ಹೇಳದಿದ್ರ ಮಳಿಗಾಲದಾಗ ಮಗಳು, ಆಕಿ ಎರಡು ಕೂಸು ಹೋಗತಾವ. ಅಯ್ಯ ಶಿವನ, ಕುಂತಲ್ಲಿ ಕುಂದ್ರವಲ್ಲ, ನಿಂತಲ್ಲಿ ನಿಂದ್ರವಲ್ಲ.

ಸೋಮವಾರ ಸಾಹೇಬ ಬರೂದ್ರಾಗ ಭರಮಪ್ಪ ಎರಿಮಣ್ಣು ಕಿತ್ತೊಗದು ಉಸುಕು ತುಂಬಿದ್ದ. ಕೈಮುಗದು ತಪ್ಪೊಪ್ಪಿಕೊಂಡ. ತಾನೇ ನೀರು ಬಿಟ್ಟ. ಸೆಳವು ತಿರುಗಿ ಬಂದು ದಂಡಿ ಕೊರೀತು, ಹನ್ನೊಂದೂ ಹೆಂಟಿ ಒಂದರ ಹಿಂದೊಂದು ನೀರಾಗ ಕರಗಿದವು. ಇನ್ನ ಸಾಹೇಬ ಒಡ್ಡಿನ ಜಾಗಾ ಬದಲ ಮಾಡತಾನ ಅಂತ ಭರಮಪ್ಪಗ ಹೋದ ಜೀವ ಬಂದಂಗಾತು.

ಸಾಹೇಬ ಬೈಲಿಲ್ಲ. ಬುನಾದಿಗೆ ಗಟ್ಟಿ ಬಂಡಿಗಲ್ಲು ಸಿಕ್ಕಿದ್ದು ಇಲ್ಲೊಂದ ಕಡೆ, ಒಡ್ಡು ಸರಸಾಕ ಬರೂದಿಲ್ಲ ಅಂದ. ಮಳಿಗಿಂತ ಮೊದಲ ಹನ್ನೊಂದೂ ಮನಿ ಖಾಲಿ ಆಗಬೇಕು, ಹೋಗಿ ನೀನೇ ಹೇಳು ಅಂದ.

ತಾಯವ್ವ ಮನಿ ಮುಂದ ಗೋಡಿ ಸಾರಸಾಕ ಹತ್ತಿದ್ದಳು. ಅಪ್ಪನ್ನ ನೋಡಿ ನಕ್ಕು, ಒಳಗ ಬಾ, ಬಿಸಿ ರೊಟ್ಟಿ ಬಡೀತೇನಿ ಅಂದಳು. ಭರಮಪ್ಪಗ ಹೊಸ್ತಿಲಾ ದಾಟೂದಾಗಲಿಲ್ಲ.

"ಸಾರಸಬ್ಯಾಡ ಬಿಡವ್ವಾ," ಅಂದ. "ನಿನ್ನ ಮನಿ ನಾನೇ ನನ್ನ ಕೈಲೆ ನೀರಿಗೆ ಬಿಟ್ಟು ಬಂದೇನಿ."