ಕನ್ನಡದಾಗ ಅಂದ್ರ ಯಾರಿಗೆ ಗೊತ್ತಾಗತೈತಿ?

ಸಿಡ್ನಿಯ ಗಿರಾವೀನ್ ಎಂಬ ಬಡಾವಣೆಯಲ್ಲಿ ಕನ್ನಡದ ನಾಲ್ಕು ಮನೆಯವರು ಒಂದೆಡೆ ಸೇರಿದರೆ ಸಾಕು, ಊಟಕ್ಕಿಂತ ಮೊದಲು ಗೋಳು ಬಡಿಸುತ್ತಾರೆ: "ನಮ್ಮ ಮಕ್ಕಳಿಗೆ ಕನ್ನಡಾನೇ ಬರಲ್ಲ!" ಧಾರವಾಡದ ಪಲ್ಲವಿಯ ಗೋಳೂ ಇದೇ. ಅವಳ ಮಗಳು ಆದ್ಯಾಗೆ ಒಂಬತ್ತು ವರ್ಷ. "ಕೈ ತೊಳ್ಕೊಂಡ್ ಬಾ" ಎಂದರೆ ತೊಳೆದುಕೊಂಡು ಬರುತ್ತಾಳೆ, ಆದರೆ "ಇನ್ ಅ ಮಿನಿಟ್, ಅಮ್ಮಾ" ಎಂದು ಹೇಳಿಯೇ ಬರುತ್ತಾಳೆ. ಕಿವಿಗೆ ಕನ್ನಡ, ಬಾಯಿಗೆ ಇಂಗ್ಲಿಷ್.

ಆ ಮಗುವಿಗೆ ಕನ್ನಡ ಎಷ್ಟು ಚೆನ್ನಾಗಿ ಬರುತ್ತದೆ ಎಂಬುದು ಪಲ್ಲವಿಗೆ ಗೊತ್ತಾದದ್ದು ಜೂನ್ ತಿಂಗಳ ಒಂದು ಮಂಗಳವಾರ, ಸ್ಕೂಲಿನಿಂದ ಫೋನ್ ಬಂದಾಗ.

ಟೀಚರ್ ಬಹಳ ಮೆತ್ತಗೆ ಮಾತಾಡಿದರು. ಆದ್ಯಾಳ ಜೀವದ ಗೆಳತಿ ಕಿರ್ರಾ ಇದ್ದಾಳಲ್ಲ, ಅವಳು ಈ ನೆಲದ ಮೂಲನಿವಾಸಿಗಳ ಕುಟುಂಬದ ಹುಡುಗಿ. ಮೂಲನಿವಾಸಿಗಳ ಹಬ್ಬದ ವಾರಕ್ಕೆ ಇಲ್ಲಿ ನೈಡಾಕ್ ಎನ್ನುತ್ತಾರೆ. ಅದರ ಸಲುವಾಗಿ ಇದೇ ಶುಕ್ರವಾರ ಸ್ಕೂಲಿನಲ್ಲಿ ಸಭೆ. ಸಭೆಯ ಮೊದಲ ಮಾತನ್ನು ತನ್ನ ಜನರ ಡಾರುಗ್ ಭಾಷೆಯಲ್ಲಿ ಆಡಲು ಕಿರ್ರಾ ತಾನಾಗಿ ಮುಂದೆ ಬಂದಿದ್ದಳು. ಸೋಮವಾರ ಊಟದ ಬಿಡುವಿನಲ್ಲಿ ಆದ್ಯಾ ಎಲ್ಲರ ಎದುರು ಅವಳಿಗೆ, "ನೀವೆಲ್ಲ ಜಂಗಲ್ ಪೀಪಲ್ ಅಂತೆ, ನಮ್ಮಮ್ಮ ಹೇಳಿದಳು" ಎಂದಿದ್ದಾಳೆ. ಪಕ್ಕದ ಮಕ್ಕಳಿಗೆ ಅಷ್ಟೇ ಸಾಕಾಯಿತು. ಕಿರ್ರಾ ಎದುರಾದಾಗಲೆಲ್ಲ ಕೋತಿಯ ಹಾಗೆ ಕಿರುಚತೊಡಗಿದರು. ಕಿರ್ರಾ ಟೀಚರ್ ಹತ್ತಿರ ಬಂದು, "ನಾನು ಮಾತಾಡುವುದಿಲ್ಲ, ಬೇರೆ ಯಾರಿಗಾದರೂ ಕೊಡಿ" ಎಂದು ಹೇಳಿ ಹೋಗಿದ್ದಾಳೆ.

ಪಲ್ಲವಿ ಫೋನ್ ಇಟ್ಟಳು. ಸ್ಕೂಲ್ ಬಿಟ್ಟು ಬಂದ ಮಗಳನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು.

"ಹಂಗ ಅನ್ನಾಕ ನಿನಗ ಯಾರು ಕಲಿಸಿದ್ರು?"

ಆದ್ಯಾ ಕಣ್ಣು ಅಗಲಿಸಿದಳು. "ಬಟ್ ಅಮ್ಮಾ, ಯೂ ಸೆಡ್ ಇಟ್! ಕಾಡು ಮಂದಿ. ಐ ಓನ್ಲಿ ಟ್ರಾನ್ಸ್‌ಲೇಟೆಡ್!"

ನೀನೇ ಅಂದೆ, ನಾನು ಬರೀ ಅನುವಾದ ಮಾಡಿದೆ ಎನ್ನುತ್ತಿದೆ ಮಗು. ಪಲ್ಲವಿಗೆ ಭಾನುವಾರದ ಊಟ ನೆನಪಾಯಿತು. ಚಪಾತಿ, ಬದನೆಕಾಯಿ ಪಲ್ಯ. ನೈಡಾಕ್ ಸಭೆಗೆ ಬನ್ನಿ ಎಂದು ಸ್ಕೂಲಿನ ಕಾಗದ ಬಂದಿತ್ತು. ಗಂಡ ಶಂಭುಲಿಂಗ ಅದನ್ನು ಓದಿ ಬದಿಗಿಟ್ಟ. ಆಗ ಪಲ್ಲವಿ ಚಪಾತಿ ಬಡಿಸುತ್ತಾ ನಕ್ಕು ಹೇಳಿದ್ದಳು: "ಆ ಕಾಡು ಮಂದಿಗೆ ಎಲ್ಲಾ ಪುಕ್ಕಟೆ ಕೊಡ್ತಾರಂತ. ನಾವು ನೋಡ್ರಿ, ಇಲ್ಲೇ ಕಾಯಂ ಇರಾಕ ಒಂದ್ ಪಿಆರ್ ವೀಸಾ ಸಲುವಾಗಿ ಎಷ್ಟ್ ವರ್ಷ ಕಾಯ್ಕೋತ ಕುಂತ್ವಿ." ಶಂಭುಲಿಂಗನೂ ನಕ್ಕಿದ್ದ. ಆದ್ಯಾ ತಲೆ ತಗ್ಗಿಸಿ ಪಲ್ಯ ಆರಿಸುತ್ತಿದ್ದಳು. ಮನೆಯೇ ಮೊದಲ ಪಾಠಶಾಲೆ ಎಂದು ನಾವೇ ಭಾಷಣ ಬಿಗಿಯುತ್ತೇವಲ್ಲ, ಆವತ್ತು ಪಾಠ ಸಾಂಗವಾಗಿ ನಡೆದಿತ್ತು.

ಸಂಜೆ ಶಂಭುಲಿಂಗ ಆಫೀಸಿನಿಂದ ಬಂದ. ವಿಷಯ ಕೇಳಿ ಷೂ ಬಿಚ್ಚುತ್ತಲೇ ತಳ್ಳಿಹಾಕಿದ.

"ಹುಡುಗರ ಜಗಳ, ಬಿಡು. ನಾವೇನ್ ಅವರ ಮುಖಕ್ಕ ಅಂದೀವೇನು? ನಮ್ಮ ಮನ್ಯಾಗ, ನಮ್ಮ ಭಾಷಾದಾಗ ಅಂದೀವಿ. ಕನ್ನಡದಾಗ ಅಂದ್ರ ಯಾರಿಗೆ ಗೊತ್ತಾಗತೈತಿ?"

"ಗೊತ್ತಾತಲ್ರೀ!" ಎಂದಳು ಪಲ್ಲವಿ.

ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ಮಕ್ಕಳಿಗೆ ಕಿವಿಯ ಜೊತೆ ಬಾಯಿಯೂ ಇರುತ್ತದೆ.

ಅಷ್ಟರಲ್ಲಿ ಎದುರು ಮನೆಯ ನಿಖಿತಾ ಬಂದಳು. ಮೈಸೂರಿನವಳು, ಅದೇ ಸ್ಕೂಲಿನ ಲೈಬ್ರರಿಯಲ್ಲಿ ಕೆಲಸ. ಅವಳು ಬೈಯಲು ಬಂದವಳಲ್ಲ. ಟೀ ಇಸಿದುಕೊಂಡು ಕೂತಳು. ಶಂಭುಲಿಂಗನಿಗೆ ವಾದ ಮಾಡಲು ಒಬ್ಬರು ಸಿಕ್ಕ ಹಾಗಾಯಿತು.

"ಅಲ್ರೀ ನಿಖಿತಾ, ಆ ಹುಡುಗಿ ನೋಡಿದ್ರ ಬೆಳ್ಳಗ ಐತಿ. ಅದು ಹೆಂಗ ಮೂಲನಿವಾಸಿ ಆಗತೈತಿ?"

"ನಮ್ಮ ಕಡೆ ಬೆಳ್ಳಗಿರೋ ಕನ್ನಡದವರು ಇಲ್ವಾ? ಅವರು ಅರ್ಧ ಕನ್ನಡದವರು ಅಂತೀರಾ? ಬಣ್ಣ ನೋಡಿ ಹೇಳೋದಲ್ಲ ಅದು. ಯಾವ ಮನೆತನ, ಯಾರು ಬೆಳೆಸಿದ್ರು, ಯಾರು ನಮ್ಮವಳು ಅಂತಾರೆ, ಅದು. ಕಿರ್ರಾಗೆ ಎರಡು ಕಡೆಯಿಂದಲೂ ಏಟು. ಒಬ್ಬರು ನೀನು ಬೆಳ್ಳಗಿದ್ದೀಯ, ಸುಳ್ಳು ಹೇಳ್ತೀಯ ಅಂತಾರೆ. ಇನ್ನೊಬ್ಬರು ಕೋತಿ ಅಂತಾರೆ."

"ಆದ್ರೂ ಎಲ್ಲಾ ಪುಕ್ಕಟೆ..."

"ಯಾರು ಹೇಳಿದ್ದು, ವಾಟ್ಸಾಪ್ಪಾ? ಅವಳಮ್ಮ ನರ್ಸ್. ನಿಮ್ಮ ಹಾಗೇ ಮಾರ್ಟ್‌ಗೇಜ್ ಕಟ್ತಾರೆ, ಟ್ಯಾಕ್ಸ್ ಕಟ್ತಾರೆ. ಅವರ ಹಿರೀಕರ ಕೈಯಿಂದ ಮಕ್ಕಳನ್ನೇ ಕಿತ್ಕೊಂಡು ಹೋಗ್ತಿದ್ರು, ಸರಕಾರದವರೇ. ಬೇರೆ ಕಡೆ ಬೆಳೆಸಿ, ಭಾಷೆ ಮರೆಸಿದ್ರು. ಅದನ್ನ ಸರಿಮಾಡೋಕೆ ಈಗ ಒಂದಿಷ್ಟು ಸಹಾಯ ಇದೆ. ಅದು ಪುಕ್ಕಟೆನಾ ಹೇಳಿ."

ಶಂಭುಲಿಂಗ ದಾರಿ ಬದಲಿಸಿದ. "ಅದೆಲ್ಲಾ ಹಳೀ ಕಥಿ. ಈಗ ಅವರದು ಅಂತ ಇಲ್ಲೇನ್ ಉಳದೈತಿ?"

"ನಿಮ್ಮ ಅಡ್ರೆಸ್ ಉಳಿದಿದೆ! ಗಿರಾವೀನ್ ಅಂದ್ರೆ ಏನು?"

"ಅದು ನಮ್ಮ ಸಂಸ್ಕೃತ. ಗಿರಿವನ," ಎಂದ ಶಂಭುಲಿಂಗ ಬಹಳ ಹೆಮ್ಮೆಯಿಂದ. ಮನೆ ಕೊಂಡಾಗ ಊರಿನವರಿಗೆಲ್ಲ ಅವನು ಹಾಗೇ ಹೇಳಿದ್ದ.

ನಿಖಿತಾ ನಕ್ಕು ನಕ್ಕು ಟೀ ಚೆಲ್ಲಿಕೊಂಡಳು. "ಇಲ್ಲಿ ಗಿರಿನೂ ಇಲ್ಲ, ವನಾನೂ ಇಲ್ಲ ಅಣ್ಣಾ! ಅದು ಅವರ ಮಾತು. ಹೂವಿನ ಜಾಗ ಅಂತ ಅರ್ಥವಂತೆ. ದಿನಾ ಬೆಳಗ್ಗೆ ಎದ್ದು ಅವರ ಪದಾನೇ ಬರೀತೀರಿ, ಅವರದೇನಿದೆ ಅಂತೀರಿ."

ಶಂಭುಲಿಂಗನೂ ಪೆಚ್ಚಾಗಿ ನಕ್ಕ. ಪಲ್ಲವಿ ಮಾತ್ರ ನಗಲಿಲ್ಲ. ಅವಳು ಒಂದು ಮಾತನ್ನು ನಾಲ್ಕು ವರ್ಷದಿಂದ ಬಚ್ಚಿಟ್ಟುಕೊಂಡಿದ್ದಳು. ಈಗ ಅದನ್ನು ಹೊರಗೆ ತೆಗೆದಳು.

"ಮೆಲ್ಬರ್ನ್‌ನಾಗ ಇದ್ದಾಗ ಒಮ್ಮೆ ಟ್ರಾಮ್‌ನಾಗ ನಮ್ಮ ಅವ್ವನ ಕೂಡ ಫೋನಿನಾಗ ಮಾತಾಡಾಕತ್ತಿದ್ದೆ," ಎಂದಳು. "ಒಬ್ಬಾತ ಎದ್ದು ಬಂದು ನನ್ನ ಹಂಗ ಬಡಬಡಾ ಅಂತ ಅಣಕ ಮಾಡಿದ. ನಿನ್ನ ದೇಶಕ್ಕ ಹೋಗು ಅಂದ. ಎಲ್ಲಾರೂ ಕಿಟಕಿ ಕಡೆ ನೋಡಿದ್ರು. ಆದ್ಯಾ ಮಡಿಲಾಗ ಇದ್ಲು. ಮುಂದಿನ ಸ್ಟಾಪಿನಾಗ ಇಳದು ಮನೀತನಕ ನಡಕೋತ ಬಂದೆ. ಆವತ್ತಿನಿಂದ ಹೊರಗ ನಾ ಕನ್ನಡ ಮಾತಾಡಿಲ್ರೀ."

"ನನಗ್ಯಾಕ ಹೇಳ್ಲಿಲ್ಲ?" ಎಂದ ಶಂಭುಲಿಂಗ. ಅವನ ಧ್ವನಿ ಇಳಿದಿತ್ತು.

"ನಾಚಿಕಿ ಆಗಿತ್ತು. ತಪ್ಪು ಆತನದು, ನಾಚಿಕಿ ನನಗ." ಪಲ್ಲವಿ ಸೆರಗಿಲ್ಲದ ಟೀ ಶರ್ಟಿನ ತೋಳಿನಿಂದಲೇ ಕಣ್ಣು ಒರೆಸಿಕೊಂಡಳು. "ಈಗ ಆ ಕೂಸಿಗೂ ಹಂಗ ಆಗಿರಬೇಕಲ್ಲ? ಮಾಡಿದಾಕಿ ನಾನು."

ಮರುದಿನ ಅವಳು ಕಿರ್ರಾಳ ಅಜ್ಜಿಗೆ ಫೋನ್ ಮಾಡಿ, ಬರಬಹುದೇ ಎಂದು ಕೇಳಿ, ಆದ್ಯಾಳ ಕೈ ಹಿಡಿದು ಹೊರಟಳು. ನಿಖಿತಾ ಒಂದು ಮಾತು ಹೇಳಿ ಕಳಿಸಿದ್ದಳು: "ಹಿರಿಯರನ್ನ ಅವರೂ ಆಂಟಿ ಅಂತಾನೇ ಕರೀತಾರೆ, ಗೌರವಕ್ಕೆ. ಆಂಟಿ ಡೋರೀನ್ ಅನ್ನಿ."

ಆಂಟಿ ಡೋರೀನ್ ಬಾಗಿಲು ತೆಗೆದರು, ಕೂರಿಸಿದರು, ನಗಲಿಲ್ಲ. ಆದ್ಯಾ ತನ್ನ ಷೂ ನೋಡುತ್ತಾ ಸಾರಿ ಎಂದಳು. ಪಲ್ಲವಿ ಇಂಗ್ಲಿಷಿನಲ್ಲಿ ಎರಡು ವಾಕ್ಯ ಸಿದ್ಧ ಮಾಡಿಕೊಂಡು ಬಂದಿದ್ದಳು. ಅಜ್ಜಿ ಕೈ ಎತ್ತಿ ತಡೆದರು.

"ನನಗಲ್ಲ. ಅವಳಿಗೆ ಹೇಳು."

ಕಿರ್ರಾ ಸೋಫಾದ ತುದಿಯಲ್ಲಿ ಮೊಣಕಾಲು ತಬ್ಬಿ ಕೂತಿದ್ದಳು. ಕಂದು ಕೂದಲು, ಮೂಗಿನ ಮೇಲೆ ಚುಕ್ಕೆಗಳು. ಪಲ್ಲವಿ ಅವಳ ಎದುರು ನೆಲದ ಮೇಲೆ ಕೂತಳು. ಆ ಮಾತು ಆಡಿದವಳು ತಾನೇ, ಆದ್ಯಾ ಅಲ್ಲ ಎಂದಳು. ತಮಾಷೆಗೆ ಅಂದದ್ದು ಎಂದು ಹೇಳಲು ಹೊರಟು, ಅದು ನಿಜವಾದರೂ ಸಬೂಬು ಎನಿಸಿ, ಬಾಯಿ ಮುಚ್ಚಿದಳು.

ಕಿರ್ರಾ ತಲೆ ಎತ್ತಿದಳು. ಆಮೇಲೆ ಕೇಳಿದಳು: "ನಿಮ್ಮ ಭಾಷೆಯಲ್ಲಿ ನಮಗೆ ಇರೋ ಹೆಸರು ಅದೊಂದೇನಾ?"

ಸಾವಿರಾರು ವರ್ಷದ ಭಾಷೆ ನಮ್ಮದು ಎಂದು ರಾಜ್ಯೋತ್ಸವದಲ್ಲಿ ಮೈಕ್ ಹಿಡಿದು ಹೇಳಿದ್ದವಳು ಪಲ್ಲವಿ. ಒಂಬತ್ತು ವರ್ಷದ ಹುಡುಗಿಯ ಮುಂದೆ ಅವಳಿಗೆ ಒಂದು ಪದ ಹೊಳೆಯಲಿಲ್ಲ.

"ಇಲ್ಲ, ಬೇರೆ ಇದ್ದಾವೆ," ಎಂದಳು ಕೊನೆಗೆ. "ಮಣ್ಣಿನ ಮಕ್ಕಳು ಅಂತೀವಿ. ಆ ಮಣ್ಣಿಗೆ ಸೇರಿದವರು ಅಂತ. ನಾನು ಅದನ್ನ ಅನ್ನಬಹುದಿತ್ತು. ಅನ್ನಲಿಲ್ಲ."

ಅಜ್ಜಿ ಮೇಜಿನ ಮೇಲಿದ್ದ ಒಂದು ನೋಟ್‌ಬುಕ್ಕನ್ನು ಪಲ್ಲವಿಯ ಕೈಗೆ ಕೊಟ್ಟರು. ಮೊದಲ ಪುಟದಿಂದ ಕಿರ್ರಾಳ ದುಂಡು ಅಕ್ಷರ, ಅದರ ಕೆಳಗೆ ಅಜ್ಜಿಯ ನಡುಗುವ ಅಕ್ಷರ. "ನಮ್ಮಮ್ಮ ಚಿಕ್ಕವಳಿದ್ದಾಗ ಈ ಮಾತು ಆಡಿದರೆ ಹೊಡೆಯುತ್ತಿದ್ದರು," ಎಂದರು ಅಜ್ಜಿ. "ಅದಕ್ಕೇ ಅವಳು ನನಗೆ ಕಲಿಸಲಿಲ್ಲ. ಕಿರ್ರಾ ಶನಿವಾರದ ಕ್ಲಾಸಿನಲ್ಲಿ ಕಲಿತು ಬಂದು ನನಗೆ ಹೇಳಿಕೊಡುತ್ತಾಳೆ. ಈ ವಾರ ನನಗೆ ಪಾಠವಿಲ್ಲ."

ಪಲ್ಲವಿಗೆ ಆಗ ಅರ್ಥವಾಯಿತು. ಆ ಹುಡುಗಿ ಬಾಯಿ ಮುಚ್ಚಿದರೆ ಅಜ್ಜಿಯದೂ ಮುಚ್ಚುತ್ತದೆ. ಕೈಯಲ್ಲಿದ್ದ ಪುಟದ ಮೇಲಿನ ಮೊದಲ ಪದವನ್ನು ಅವಳು ತಡವರಿಸುತ್ತಾ ಓದಿದಳು. ನಮಸ್ಕಾರ ಎನ್ನುವಂಥ ಪದ.

"ವಾರಾಮಿ."

"ವಾ ಅಲ್ಲ," ಎಂದಳು ಕಿರ್ರಾ, ತಡೆಯಲಾರದೆ. "ವ. ವರಾಮಿ. ಅಜ್ಜಿಗೂ ಇದೇ ಕಷ್ಟ."

"ವರಾಮಿ," ಎಂದಳು ಪಲ್ಲವಿ.

"ಹಾಂ. ಸರಿ." ಕಿರ್ರಾ ಮೊಣಕಾಲು ಬಿಟ್ಟು ಕೆಳಗಿಳಿದಳು. "ಯಾರಾದರೂ ಹಾಗೆ ಹೇಳಿದರೆ ತಿರುಗಿ ವರಾಮಿ ಅನ್ನಬೇಕು. ಆದ್ಯಾ, ನೀನೂ ಹೇಳು." ಅಜ್ಜಿ ಎದ್ದು ಕೆಟಲ್ ಹಚ್ಚಲು ಹೋದರು. ಶುಕ್ರವಾರ ಮಾತಾಡುತ್ತೀಯಾ ಎಂದು ಯಾರೂ ಕೇಳಲಿಲ್ಲ.

ಶುಕ್ರವಾರ ಶಂಭುಲಿಂಗ ಅರ್ಧ ದಿನ ರಜೆ ಹಾಕಿ ಬಂದು ಹಿಂದಿನ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತಿದ್ದ. ಕಿರ್ರಾಳ ಹೆಸರು ಕರೆದರು. ಮೂಲನಿವಾಸಿಗಳ ಬಾವುಟದ ಕೆಂಪು, ಹಳದಿ, ಕಪ್ಪು ಬಣ್ಣದ ಶರ್ಟು ತೊಟ್ಟ ಹುಡುಗಿ ಮೈಕಿನ ಮುಂದೆ ಬಂದು ನಿಂತಳು. ಮಕ್ಕಳ ಸಾಲಿನಿಂದ ಸಣ್ಣಗೆ ಒಂದು ಕೋತಿಯ ಕೂಗು ಬಂತು, ಒಂದಿಬ್ಬರು ಕಿಸಕ್ಕನೆ ನಕ್ಕರು. ಕಿರ್ರಾ ತೆರೆದ ಬಾಯಿ ಮುಚ್ಚಿದಳು. ಟೀಚರ್ ಎದ್ದು ಆ ಸಾಲಿನ ಕಡೆ ನಡೆದರು. ಪಲ್ಲವಿ ಗಂಡನ ಮಣಿಕಟ್ಟು ಬಿಗಿಯಾಗಿ ಹಿಡಿದಳು. ಈ ಕೂಸು ಈಗ ಇಳಿದು ಹೋದರೆ ಮತ್ತೆಂದೂ ಮೇಲೆ ಹತ್ತುವುದಿಲ್ಲ.

ಕಿರ್ರಾ ಸಭೆಯಲ್ಲಿ ಅಜ್ಜಿ ಎಲ್ಲಿದ್ದಾರೆಂದು ಹುಡುಕಿದಳು. ಸಿಕ್ಕರು. ಆಮೇಲೆ ಮೈಕನ್ನು ತನ್ನ ಎತ್ತರಕ್ಕೆ ಎಳೆದುಕೊಂಡಳು.

"ವರಾಮಿ," ಎಂದಳು.

"ವರಾಮಿ!" ಎಂದು ಆದ್ಯಾ ಮಕ್ಕಳ ನಡುವಿನಿಂದ ಒಬ್ಬಳೇ ಕೂಗಿದಳು. ಆಂಟಿ ಡೋರೀನ್ ಅಂದರು. ಪಲ್ಲವಿ ಅಂದಳು, ಮೆಲ್ಬರ್ನ್‌ನ ಆ ದಿನದಿಂದ ಹೊರಗಿನವರ ನಡುವೆ ಎತ್ತದಿದ್ದ ಧ್ವನಿಯಲ್ಲಿ. ಶಂಭುಲಿಂಗ ಅಂದ. ಆಮೇಲೆ ಇಡೀ ಹಾಲ್ ಅಂದಿತು.

"ನಾನು ಡಾರುಗ್ ಹುಡುಗಿ," ಎಂದಳು ಕಿರ್ರಾ ಇಂಗ್ಲಿಷಿನಲ್ಲಿ. "ಈ ಮಾತು ಆಡಿದ್ದಕ್ಕೆ ನಮ್ಮ ಅಜ್ಜಿಯ ಅಮ್ಮನಿಗೆ ಹೊಡೆದರು. ನಾನು ಇವತ್ತು ಮೈಕಿನಲ್ಲಿ ಆಡುತ್ತಿದ್ದೇನೆ." ಉಳಿದದ್ದನ್ನು ತನ್ನ ಭಾಷೆಯಲ್ಲೇ, ನಿಧಾನವಾಗಿ, ಒಂದು ಪದವನ್ನೂ ನುಂಗದೆ ಮುಗಿಸಿದಳು. ಆಂಟಿ ಡೋರೀನ್ ಅಳುವನ್ನು ಮರೆಮಾಡಲಿಲ್ಲ.

ಅವತ್ತೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾದೀತು. ಕಿರ್ರಾ ಮತ್ತೆ ಆದ್ಯಾಳ ಪಕ್ಕ ಕೂರಲು ಸ್ಕೂಲಿನ ಒಂದು ಟರ್ಮ್, ಹತ್ತು ವಾರ, ಹಿಡಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಸುಮ್ಮನೆ ಅಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಕ್ಕಳಿಗೆ ಕನ್ನಡ ಬರುತ್ತದೆ. ಅವರು ಇಂಗ್ಲಿಷಿನಲ್ಲಿ ಉತ್ತರಿಸಿದ ಮಾತ್ರಕ್ಕೆ ಕೇಳಿಸಿಕೊಂಡಿಲ್ಲ ಎಂದುಕೊಳ್ಳಬೇಡಿ. ನಿಮ್ಮ ಬಡಾವಣೆ ಯಾರ ನೆಲದ ಮೇಲಿದೆ ಎಂದು ಈ ವಾರ ಮಗುವಿನ ಜೊತೆ ಕೂತು ತಿಳಿದುಕೊಳ್ಳಿ. ಸ್ಕೂಲಿನ ನೈಡಾಕ್ ಸಭೆಗೆ ಒಂದು ಗಂಟೆ ಬಿಡುವು ಮಾಡಿಕೊಂಡು ಹೋಗಿ. ಯಾವ ಮಗುವನ್ನೂ "ನೀನು ಎಷ್ಟು ಭಾಗ ಮೂಲನಿವಾಸಿ?" ಎಂದು ಕೇಳಬೇಡಿ. ನಿಮ್ಮ ಮಗುವೇ ನೋಯಿಸಿದ್ದರೆ ಮುಚ್ಚಿಹಾಕಬೇಡಿ, ಟೀಚರ್ ಜೊತೆ ಮಾತಾಡಿ, ನೊಂದ ಮಗುವಿನ ಎದುರು ಕೂತು ಕ್ಷಮೆ ಕೇಳಿ. ಮನೆಯೊಳಗಿನ ಮಾತಿಗೂ ಒಂದೇ ನಿಯಮ ಸಾಕು: ಅವರ ಮಗುವಿಗೆ ಕೇಳಿಸಬಾರದ ಮಾತನ್ನು ನಿಮ್ಮ ಮಗುವಿನ ಮುಂದೆ ಆಡಬೇಡಿ.